ಭಾನುವಾರದ ಮಾತ್ರೆ

ಬ್ರಿಸ್ಬೇನ್, 17 ಜನವರಿ 2025, ಶುಕ್ರವಾರ

ಅಕ್ಕ ಸಕಲೇಶಪುರದಿಂದ ಫೋನ್ ಮಾಡಿ, ಸಂಧಿವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಈ ಭಾನುವಾರದಿಂದ ನುಂಗುವುದಿಲ್ಲವೆಂದು ತೀರ್ಮಾನಿಸಿರುವುದಾಗಿ ಹೇಳಿದಳು. ಆ ಮಾತ್ರೆಯಿಂದ ಚರ್ಮದ ಕ್ಯಾನ್ಸರ್ ಬರುತ್ತದೆಂದು ಅವಳ ವಾಟ್ಸ್ಯಾಪ್ ಗುಂಪಿಗೆ ಯಾರೋ ಸುದ್ದಿ ಕಳಿಸಿದ್ದಾರೆ. ಅದೇ ವಾರ ಅವಳ ಮಣಿಕಟ್ಟಿನ ಸುತ್ತ ಕೆಂಪಗೆ ಉರಿಯುವ ಗಂಧೆಗಳು ಎದ್ದಿವೆ. ಎರಡನ್ನೂ ಕೂಡಿಸಿ ಅವಳು ಲೆಕ್ಕ ಮುಗಿಸಿಬಿಟ್ಟಿದ್ದಾಳೆ.

ಸುದ್ದಿ ಪೂರ್ತಿ ಸುಳ್ಳಲ್ಲ ಎನ್ನುವುದೇ ನನಗಾದ ತೊಡಕು. ಅಮೆರಿಕ ಮತ್ತು ಕೆನಡಾದಲ್ಲಿ 4,786 ಹೃದ್ರೋಗಿಗಳ ಮೇಲೆ ನಡೆಸಿದ ಒಂದು ದೊಡ್ಡ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಿಗೆ ಹುಸಿಮಾತ್ರೆ ನುಂಗಿದವರಿಗಿಂತ ಸುಮಾರು ಎರಡು ಪಟ್ಟು ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತು. ಆದರೆ ಎರಡು ಪಟ್ಟು ಎಂದವರು ಯಾವುದರ ಎರಡು ಪಟ್ಟು ಎಂಬುದನ್ನೂ ಹೇಳಬೇಕು. ಎಪ್ಪತ್ತು ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆಂದು ಹೇಳುವ ಈ ಆಸ್ಟ್ರೇಲಿಯಾದ ಬಿಳಿಯರಲ್ಲಿ ಅದು ದೊಡ್ಡ ಸಂಖ್ಯೆ. ಮೈಬಣ್ಣವೇ ಒಂದಿಷ್ಟು ರಕ್ಷಣೆ ಕೊಡುವ ನಮ್ಮಂಥವರಲ್ಲಿ ಮೂಲದ ಅಪಾಯವೇ ಬಹಳ ಕಡಿಮೆ. ಕಡಿಮೆಯದ್ದು ಇಮ್ಮಡಿಯಾದರೂ ಕಡಿಮೆಯೇ ಉಳಿಯುತ್ತದೆ.

"ಹಾಗಾದರೆ ನೀನೇಕೆ ಇಷ್ಟು ಹೆದರಿ ಮುಲಾಮು ಬಳಿದುಕೊಂಡು ಓಡಾಡುತ್ತೀಯೆ?" ಎಂದು ಅಕ್ಕ ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ನಾನೂ ಅದೇ ಸಂಧಿವಾತಕ್ಕೆ ಅದೇ ಮಾತ್ರೆಯನ್ನು ಶುಕ್ರವಾರ ರಾತ್ರಿ ನುಂಗುವವಳು. ಇಲ್ಲಿ ಜನವರಿಯ ನಡುಹಗಲಿನಲ್ಲಿ ಬಿಸಿಲಿನ ನೇರಳಾತೀತ ಕಿರಣಗಳ ಸೂಚ್ಯಂಕ ಹನ್ನೊಂದನ್ನು ದಾಟುತ್ತದೆ. ಮೂರಾದರೆ ಸಾಕು, ಮೈ ಮುಚ್ಚಿಕೊಳ್ಳಬೇಕೆನ್ನುತ್ತಾರೆ. ಅಂಗಿ ತೊಡು, ಲೇಪ ಹಚ್ಚು, ಟೋಪಿ ಹಾಕು ಎಂದು 1981ರಿಂದ ಜಾಹೀರಾತಿನ ಒಂದು ಕಾರ್ಟೂನ್ ಕಡಲಹಕ್ಕಿಯ ಬಾಯಲ್ಲಿ ಹೇಳಿಸುತ್ತ ಬಂದಿರುವ ಪಾಠವನ್ನು ನನ್ನ ಮಗ ಶಾಲೆಯಿಂದ ಕಲಿತು ಬಂದು ನನಗೇ ಒಪ್ಪಿಸುತ್ತಾನೆ. ಎರಡು ಗಂಟೆಗೊಮ್ಮೆ ಮತ್ತೆ ಸನ್‌ಸ್ಕ್ರೀನ್ ಹಚ್ಚುವುದು, ಬೆರಳು ಬಿಗಿದ ದಿನ ಆ ಬಾಟಲಿಯನ್ನು ಅದುಮುವುದು, ಎರಡೂ ನನಗೆ ಬೇಸರದ ಕೆಲಸಗಳೇ.

ಇಂದು ಬೆಳಿಗ್ಗೆಯಷ್ಟೇ ಚರ್ಮದ ತಪಾಸಣೆ ಮಾಡಿಸಿಕೊಂಡು ಬಂದೆ. ವೈದ್ಯೆ ಬೆನ್ನಿನ ಮಚ್ಚೆಗಳನ್ನು ಭೂತಗನ್ನಡಿಯಂಥ ಉಪಕರಣದಲ್ಲಿ ಬೇಗ ನೋಡಿ ಮುಗಿಸಿ, ಅಂಗಾಲು, ಕಾಲ್ಬೆರಳ ಸಂದಿ ಮತ್ತು ಉಗುರುಗಳ ಮೇಲೆ ಮಾತ್ರ ತುಂಬ ಹೊತ್ತು ಬಗ್ಗಿದ್ದರು. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಅಪರೂಪವಾದರೂ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಂಥ ಜಾಗಗಳಲ್ಲಿ ಬರುತ್ತದೆ; ಅದಕ್ಕೂ ಬಿಸಿಲಿಗೂ ಅಷ್ಟೇನೂ ನಂಟಿಲ್ಲ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಕಾಣಿಸಿಕೊಂಡದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ಬರಿಗಾಲಲ್ಲಿ ತೋಟ ಸುತ್ತುವ ಅಕ್ಕ ತನ್ನ ಅಂಗಾಲನ್ನು ಎಂದಾದರೂ ತಿರುಗಿಸಿ ನೋಡಿಕೊಂಡಿದ್ದಾಳೆಯೇ ಎಂದು ಕೇಳಿದರೆ, "ಕಾಫಿ ಕುಯ್ಲಿನಲ್ಲಿ ಅಂಗಾಲು ನೋಡಿಕೊಂಡು ಕೂರುವವರು ಯಾರು?" ಎಂದು ನಕ್ಕಳು.

ಕುಯ್ಲು ಎಂದಾಗಲೇ ನನಗೆ ಕಣದ ನೆನಪಾಯಿತು. ಈಗ ಅವಳು ಹಗಲೆಲ್ಲ ಕಣದಲ್ಲಿ ಹಣ್ಣು ಹರವುತ್ತ, ಕೈಯಾಡಿಸುತ್ತ ಇರುತ್ತಾಳೆ. ಚಳಿಗಾಲದ ಬಿಸಿಲು ಹಿತವಾಗಿರುವುದರಿಂದ ಅದು ಸುಡುವುದೇ ಇಲ್ಲವೆಂದು ನಂಬಿದ್ದಾಳೆ. ನೇರಳಾತೀತ ಕಿರಣಕ್ಕೆ ಶಾಖವಿಲ್ಲ, ಮೈಗೆ ಅದು ತಿಳಿಯುವುದಿಲ್ಲ. ಗಂಧೆ ಮಣಿಕಟ್ಟಿನಲ್ಲಷ್ಟೇ ಏಕೆ ಎದ್ದಿತು, ಅಲ್ಲಿಗೆ ಏನು ಹಚ್ಚುತ್ತೀ ಎಂದು ಕೇಳಿದೆ. ನೋವಿನ ಜೆಲ್ ಎಂದಳು. ಟ್ಯೂಬ್ ತಂದು ಹೆಸರು ಓದು ಎಂದರೆ, ಕನ್ನಡಕ ಹುಡುಕಿ, ಅಕ್ಷರ ಕೂಡಿಸಿಕೊಂಡು, "ಕೀಟೊಪ್ರೊಫೆನ್" ಎಂದು ಓದಿದಳು.

ಕೀಟೊಪ್ರೊಫೆನ್ ಜೆಲ್ ಹಚ್ಚಿದ ಜಾಗಕ್ಕೆ ಬಿಸಿಲು ತಾಗಬಾರದು. ಹಚ್ಚುವುದನ್ನು ನಿಲ್ಲಿಸಿದ ಮೇಲೂ ಎರಡು ವಾರ ಆ ಭಾಗವನ್ನು ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಚರ್ಮ ಕೆರಳಿ ಬೊಕ್ಕೆಯೇಳುವುದುಂಟು. ಅಕ್ಕನಿಗೆ ಆಗಿರುವುದು ಅದೇ ಎಂದು ಫೋನಿನಲ್ಲಿ ಹೇಳುವುದಕ್ಕೆ ನಾನು ವೈದ್ಯಳಲ್ಲ. ಜೆಲ್ಲನ್ನು ಇಂದೇ ಬಿಡು, ತುಂಬುತೋಳಿನ ಅಂಗಿ ಹಾಕು, ಟ್ಯೂಬನ್ನೂ ಕೈಯನ್ನೂ ಹಾಸನದ ಡಾಕ್ಟರಿಗೆ ತೋರಿಸು, ಅವರನ್ನು ಕೇಳದೆ ಮಾತ್ರೆಯನ್ನು ಮಾತ್ರ ಬಿಡಬೇಡ ಎಂದೆ.

"ಜೆಲ್ ಬಿಟ್ಟರೆ ನೋವಿಗೆ ಏನು ಮಾಡಲಿ?" ಎಂದಳು. ಅದಕ್ಕೂ ಡಾಕ್ಟರನ್ನೇ ಕೇಳಬೇಕೆಂದೆ. ಅಕ್ಕ ಸುಮ್ಮನಾದಳು. ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ನಮ್ಮ ಅಜ್ಜಿಯ ಕಾಲಕ್ಕೆ ಈ ಮಾತ್ರೆ ಇರಲಿಲ್ಲ. ಅವರ ಬೆರಳುಗಳು ಒಂದು ಪಕ್ಕಕ್ಕೆ ವಾಲಿ, ಕೊನೆಗೆ ತುತ್ತು ಕಲಸಲೂ ಬಾರದೆ ಹೋದದ್ದನ್ನು ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ನೋಡಿದ್ದೇವೆ. ಎಂದೋ ಬರಬಹುದಾದ, ಬಂದರೂ ಬೇಗ ಕಂಡುಹಿಡಿದರೆ ಬಹುಪಾಲು ಕತ್ತರಿಸಿ ತೆಗೆಯಬಹುದಾದ ಕಾಯಿಲೆಗೆ ಹೆದರಿ, ಕಣ್ಣೆದುರೇ ಕೀಲು ತಿನ್ನುವ ಕಾಯಿಲೆಗೆ ಬಾಗಿಲು ತೆರೆಯುವುದು ಯಾವ ಜಾಣತನ? ಇದನ್ನು ಅವಳಿಗೆ ಹೇಳಲಿಲ್ಲ. ಅವಳಾಗಲೇ ಕಣದಲ್ಲಿ ಆಳುಗಳು ಕಾಯುತ್ತಿದ್ದಾರೆಂದು ಫೋನ್ ಇಟ್ಟಿದ್ದಳು.

ಹಾಸನಕ್ಕೆ ಯಾವಾಗ ಹೋಗುತ್ತೀ ಎಂಬುದಕ್ಕೆ ಅವಳಿಂದ ಉತ್ತರ ಬರಲಿಲ್ಲ. ಕುಯ್ಲು ಮುಗಿಯಲಿ ಎನ್ನುತ್ತಾಳೆ, ಅಷ್ಟರಲ್ಲಿ ಎಷ್ಟು ಭಾನುವಾರಗಳು ಕಳೆದಿರುತ್ತವೋ. ಭಾವನಿಗೆ ನಾಳೆ ನಾನೇ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನಬಹುದು. ಆದರೆ ಚಾಡಿ ಹೇಳಿದಳೆಂದು ಅಕ್ಕ ಮುನಿಸಿಕೊಂಡರೆ, ಮುಂದಿನ ಬಾರಿ ಗಂಧೆ ಎದ್ದಾಗ ನನಗೆ ಹೇಳುತ್ತಾಳೆಯೇ?