ದೀಪಸ್ತಂಭದ ಅಡುಗೆಮನೆ

ಕಿಂಜಿ ಫುಕಾಸಾಕು ನಿರ್ದೇಶಿಸಿದ ‘ಬ್ಯಾಟಲ್ ರಾಯಲ್’ ಚಿತ್ರವನ್ನು ನಾನು ಮೊದಲ ಬಾರಿ ನೋಡಿದ್ದು ಮೈಸೂರಿನ ಹಾಸ್ಟೆಲ್ ಕೋಣೆಯೊಂದರಲ್ಲಿ, ಗೆಳೆಯನ ಕಂಪ್ಯೂಟರಿನ ಮುಂದೆ ಐದಾರು ಮಂದಿ ಒತ್ತೊತ್ತಾಗಿ ಕುಳಿತು. ಆಗ ನನ್ನ ನೆನಪಿನಲ್ಲಿ ಉಳಿದದ್ದು ರಕ್ತ ಮಾತ್ರ. ಕಳೆದ ವಾರ ಒಬ್ಬನೇ ಕುಳಿತು ಮತ್ತೆ ನೋಡಿದಾಗ ಕಣ್ಣಿಗೆ ಕಟ್ಟಿದ್ದು ಬೇರೆಯೇ: ಒಂದು ಊಟದ ತಟ್ಟೆ, ಒಂದು ಮೆಗಾಫೋನು, ಸಾಯುವ ಹೊತ್ತಿನಲ್ಲಿ ಮಕ್ಕಳು ಆಡುವ ಎರಡು ಮಾತು.

ಚಿತ್ರ ಜಪಾನಿನಲ್ಲಿ ತೆರೆಕಂಡಿದ್ದು 2000ದ ಡಿಸೆಂಬರ್ 16ರಂದು. ಕೌಶುನ್ ತಕಾಮಿ 1999ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ. ಚಿತ್ರಕಥೆ ನಿರ್ದೇಶಕರ ಮಗ ಕೆಂಟಾ ಅವರದು. ದೇಶ ಕುಸಿದಿದೆ, ನಿರುದ್ಯೋಗ ಶೇ 15ಕ್ಕೆ ಮುಟ್ಟಿ ಒಂದು ಕೋಟಿ ಜನ ಕೆಲಸವಿಲ್ಲದೆ ಕುಳಿತಿದ್ದಾರೆ, 8 ಲಕ್ಷ ವಿದ್ಯಾರ್ಥಿಗಳು ಶಾಲೆಯನ್ನೇ ಬಹಿಷ್ಕರಿಸಿದ್ದಾರೆ, ಮಕ್ಕಳನ್ನು ಕಂಡರೆ ಹೆದರುವಂತಾದ ದೊಡ್ಡವರು ಹೊಸ ಕಾನೂನೊಂದನ್ನು ತಂದಿದ್ದಾರೆ ಎಂದು ಆರಂಭದ ಬರಹ ಹೇಳುತ್ತದೆ. ಆ ಕಾನೂನಿನಂತೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಶಾಲಾ ಪ್ರವಾಸದ ಬಸ್ಸಿನಲ್ಲೇ ಪ್ರಜ್ಞೆ ತಪ್ಪಿಸಿ ಜನರಿಲ್ಲದ ದ್ವೀಪಕ್ಕೆ ಸಾಗಿಸಲಾಗುತ್ತದೆ. ಒಟ್ಟು 42 ಮಂದಿ. ಮೂರು ದಿನಗಳಲ್ಲಿ ಒಬ್ಬರನ್ನೊಬ್ಬರು ಕೊಂದು ಒಬ್ಬರು ಮಾತ್ರ ಉಳಿಯಬೇಕು. ಒಬ್ಬರಿಗಿಂತ ಹೆಚ್ಚು ಮಂದಿ ಬದುಕಿದ್ದರೆ ಎಲ್ಲರ ಕೊರಳಿಗೆ ತೊಡಿಸಿದ ಸ್ಫೋಟಕದ ಪಟ್ಟಿಯೂ ಸಿಡಿಯುತ್ತದೆ. ಯಾರ ಕೈಗೆ ಯಾವ ಆಯುಧ ಸಿಗುತ್ತದೆ ಎಂಬುದು ಅದೃಷ್ಟ. ಒಬ್ಬರಿಗೆ ಬಂದೂಕು ಸಿಕ್ಕರೆ ನಾಯಕ ಶುಯಾನ ಚೀಲದಲ್ಲಿ ಇರುವುದು ಪಾತ್ರೆಯ ಮುಚ್ಚಳ, ಅವನ ಸಹಪಾಠಿ ನೊರಿಕೊಳ ಚೀಲದಲ್ಲಿ ಇರುವುದು ದುರ್ಬೀನು. ಈ ನಿಯಮಗಳನ್ನು ಮಕ್ಕಳಿಗೆ ವಿವರಿಸುವುದು ಒಂದು ವಿಡಿಯೊ. ಅದರಲ್ಲಿ ನಗುನಗುತ್ತಾ ಮಾತನಾಡುವ ಯುವತಿಯ ದನಿ ಚಿಣ್ಣರ ಟಿ.ವಿ. ಕಾರ್ಯಕ್ರಮದ ದನಿಯಂತೆಯೇ ಇದೆ. ಇಡೀ ಚಿತ್ರದಲ್ಲಿ ನನ್ನನ್ನು ಮೊದಲು ನಡುಗಿಸಿದ್ದು ಆ ನಗು.

ಜಪಾನಿನ ಪ್ರೇಕ್ಷಕರಿಗೆ ಇದು ದೂರದ ಕಲ್ಪನೆಯಾಗಿ ಕಂಡಿರಲಾರದು. 1990ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥಿಕ ಗುಳ್ಳೆ ಒಡೆದ ಮೇಲೆ ಪದವಿ ಮುಗಿಸಿ ಬಂದವರಿಗೆ ಕೆಲಸ ಸಿಗುವುದೇ ದುಸ್ತರವಾಗಿತ್ತು. 1997ರಲ್ಲಿ ಕೋಬೆ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಮಕ್ಕಳನ್ನು ಕೊಂದಿದ್ದ. 2000ದ ಮೇ ತಿಂಗಳಲ್ಲಿ ಹದಿನೇಳರ ಹುಡುಗನೊಬ್ಬ ಬಸ್ಸನ್ನೇ ಅಪಹರಿಸಿದ್ದ. ಅದೇ ವರ್ಷದ ಕೊನೆಯಲ್ಲಿ ಬಾಲಾಪರಾಧ ಕಾನೂನಿಗೆ ತಿದ್ದುಪಡಿಯಾಗಿ, ಕ್ರಿಮಿನಲ್ ಶಿಕ್ಷೆಗೆ ಗುರಿಪಡಿಸಬಹುದಾದ ವಯಸ್ಸು 16ರಿಂದ 14ಕ್ಕೆ ಇಳಿಯಿತು. ಅಂತಹ ಹೊತ್ತಿನಲ್ಲಿ ಈ ಚಿತ್ರ ಬರುತ್ತಿದೆ ಎಂದಾಗ ಸಂಸದ ಕೋಕಿ ಇಶಿಯಿ ಸಂಸತ್ತಿನಲ್ಲೇ ಪ್ರಶ್ನೆ ಎತ್ತಿದರು. ಚಿತ್ರಕ್ಕೆ ಸಿಕ್ಕಿದ್ದು ಹದಿನೈದಕ್ಕಿಂತ ಕಿರಿಯರಿಗೆ ಪ್ರವೇಶವಿಲ್ಲದ ಆರ್-15 ಪ್ರಮಾಣಪತ್ರ. ಎಂದರೆ, ಪರದೆಯ ಮೇಲೆ ಸಾಯುವ ಮಕ್ಕಳ ವಾರಿಗೆಯವರಲ್ಲಿ ಅನೇಕರು ಅದನ್ನು ನೋಡುವಂತಿರಲಿಲ್ಲ. ಆದರೂ ಚಿತ್ರ 300 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು.

ಹಿಂಸೆಯನ್ನು ವೈಭವೀಕರಿಸುತ್ತದೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಫುಕಾಸಾಕು ಅವರ ಬಾಲ್ಯದಲ್ಲಿದೆ. ಅವರು ಹುಟ್ಟಿದ್ದು 1930ರ ಜುಲೈನಲ್ಲಿ, ಮಿತೊ ಎಂಬ ಊರಿನಲ್ಲಿ. 1945ರಲ್ಲಿ ಅವರನ್ನೂ ಸಹಪಾಠಿಗಳನ್ನೂ ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆ ಹಚ್ಚಲಾಗಿತ್ತು. ಆ ಜುಲೈನಲ್ಲಿ ಫಿರಂಗಿ ದಾಳಿಯಾದಾಗ ಓಡಲು ದಾರಿಯಿಲ್ಲದೆ ಮಕ್ಕಳು ಒಬ್ಬರ ಮೈಯಡಿ ಮತ್ತೊಬ್ಬರು ನುಸುಳಿ ಜೀವ ಉಳಿಸಿಕೊಂಡರು. ದಾಳಿ ನಿಂತ ಮೇಲೆ ಗೆಳೆಯರ ಹೆಣಗಳನ್ನು ಎತ್ತಿ ಸಾಗಿಸುವ ಕೆಲಸವೂ ಉಳಿದವರ ಪಾಲಿಗೇ ಬಂತು. ಅಂದು ಅವರಿಗೆ ಹದಿನೈದು ವರ್ಷ. ದೊಡ್ಡವರು ಹೇಳಿದ್ದೆಲ್ಲ ಸುಳ್ಳೆಂದು ತಿಳಿದದ್ದು ಆಗಲೇ ಎಂದು ಮುಂದೆ ಅವರು ಹೇಳಿಕೊಂಡಿದ್ದಾರೆ. ಎಪ್ಪತ್ತರ ವಯಸ್ಸಿನಲ್ಲಿ, ಯಾಕುಜಾ ಎಂಬ ಜಪಾನಿನ ಭೂಗತ ಲೋಕದ ಚಿತ್ರಗಳಿಂದ ಹೆಸರು ಮಾಡಿದ ಬಳಿಕ, ಆ ಹದಿನೈದರ ಮಕ್ಕಳ ಬಳಿಗೇ ಅವರು ಮರಳಿ ಬಂದರು. ಈ ಸಂಗತಿ ತಿಳಿದ ಮೇಲೆ ಚಿತ್ರದ ಒಂದೊಂದು ಹೆಣವನ್ನೂ ನಾನು ಬೇರೆ ರೀತಿಯಲ್ಲಿ ನೋಡತೊಡಗಿದೆ.

ದೀಪಸ್ತಂಭದ ದೃಶ್ಯವನ್ನೇ ನೋಡಿ. ಆರು ಹುಡುಗಿಯರು ಅಲ್ಲಿ ಒಟ್ಟಾಗಿ ಅಡಗಿದ್ದಾರೆ. ಗಾಯಗೊಂಡ ಶುಯಾನನ್ನು ಒಳಗೆ ಮಲಗಿಸಿ ಆರೈಕೆ ಮಾಡಿದ್ದಾರೆ. ಅಡುಗೆ ನಡೆಯುತ್ತಿದೆ, ಹರಟೆ ನಡೆಯುತ್ತಿದೆ, ಸ್ವಲ್ಪ ಹೊತ್ತು ದ್ವೀಪವೂ ಆಟವೂ ಮರೆತೇಹೋಗುತ್ತವೆ. ಆದರೆ ಯೂಕೊ ಎಂಬವಳು, ಆಕಸ್ಮಿಕವಾಗಿ ಆದ ಸಾವೊಂದನ್ನು ದೂರದಿಂದ ಕಂಡು, ಶುಯಾನೇ ಕೊಲೆಗಾರನೆಂದು ನಂಬಿ, ಅವನಿಗೆ ಕೊಡಬೇಕಾದ ಊಟಕ್ಕೆ ವಿಷ ಬೆರೆಸಿದ್ದಾಳೆ. ಆ ತಟ್ಟೆಗೆ ಬಾಯಿ ಹಾಕಿದ್ದು ಹಸಿದಿದ್ದ ಇನ್ನೊಬ್ಬ ಹುಡುಗಿ. ಅವಳು ರಕ್ತ ಕಾರಿ ಬಿದ್ದ ಮರುಗಳಿಗೆಯಲ್ಲೇ ಬಂದೂಕು ಮೇಲೇಳುತ್ತದೆ. ಅಡುಗೆ ಮಾಡಿದವಳ ಮೇಲೆ ಅನುಮಾನ, ಅಲ್ಲಿಂದ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಕೆಲವೇ ಕ್ಷಣಗಳಲ್ಲಿ ಐವರು ಹೆಣವಾಗುತ್ತಾರೆ. ವಿಷ ಹಾಕಿದವಳು ಮಾತ್ರ ಬದುಕಿ ಉಳಿದು, ಕೊನೆಗೆ ದೀಪಸ್ತಂಭದ ಮೇಲಿನಿಂದ ಜಿಗಿಯುತ್ತಾಳೆ. ಅವರಲ್ಲಿ ಒಬ್ಬಳೂ ಕೆಟ್ಟವಳಲ್ಲ. ಒಂದೇ ತರಗತಿಯಲ್ಲಿ ಕುಳಿತು ಓದಿದ ಗೆಳತಿಯರ ನಡುವೆ ಭಯ ಎಷ್ಟು ಬೇಗ ಹಬ್ಬುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸುಗಿಮುರಾ ಎಂಬ ಹುಡುಗ ತಾನು ಮನಸ್ಸಿನಲ್ಲೇ ಪ್ರೀತಿಸಿದ ಹುಡುಗಿಯನ್ನು ದ್ವೀಪವಿಡೀ ಹುಡುಕುತ್ತಾನೆ. ಕೊನೆಗೆ ಅವಳು ಸಿಗುತ್ತಾಳೆ. ಹೆದರಿ ಅವನಿಗೇ ಗುಂಡು ಹೊಡೆಯುತ್ತಾಳೆ. ನೀನೆಂದರೆ ನನಗೆ ಇಷ್ಟವಿತ್ತು ಎಂದು ಅವನು ಹೇಳಿದಾಗ ಅವಳು ದಿಕ್ಕು ತೋಚದೆ, ಇಷ್ಟು ದಿನ ನೀನು ನನ್ನ ಜೊತೆ ಮಾತೇ ಆಡಿರಲಿಲ್ಲವಲ್ಲ ಎನ್ನುತ್ತಾಳೆ. ಜಗಳ ಬೇಡ, ಎಲ್ಲರೂ ಬನ್ನಿ ಎಂದು ಇನ್ನಿಬ್ಬರು ಹುಡುಗಿಯರು ಗುಡ್ಡದ ಮೇಲೆ ನಿಂತು ಮೆಗಾಫೋನಿನಲ್ಲಿ ಕೂಗುತ್ತಾರೆ. ಕಿರಿಯಾಮಾ ಎಂಬ ಹುಡುಗ ಬಂದು ಅವರನ್ನು ಹೊಡೆದುರುಳಿಸಿ, ಅದೇ ಮೆಗಾಫೋನನ್ನು ಸಾಯುತ್ತಿರುವವಳ ಬಾಯಿಗೆ ಹಿಡಿಯುತ್ತಾನೆ. ಕರೆಯಾಗಿದ್ದ ದನಿ ಚೀತ್ಕಾರವಾಗಿ ದ್ವೀಪದ ತುಂಬ ಕೇಳುತ್ತದೆ.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಒಂದು ಮಾತೂ ಆಡದೆ, ಸುಮ್ಮನೆ ಖುಷಿಗಾಗಿ ಕೊಲ್ಲುವ ಈ ಕಿರಿಯಾಮಾ ನನಗೆ ಮನುಷ್ಯನಾಗಿ ಕಾಣಲೇ ಇಲ್ಲ. ಉಳಿದ ಮಕ್ಕಳ ಭಯಕ್ಕೆ ಇರುವ ಸತ್ಯ ಅವನ ಕ್ರೌರ್ಯಕ್ಕೆ ಇಲ್ಲ. ಈ ಆಟವನ್ನು ನಡೆಸುವ, ತಕೇಶಿ ಕಿತಾನೊ ನಟಿಸಿದ ಮೇಷ್ಟರ ಪಾತ್ರ ಮಾತ್ರ ಹಾಗಲ್ಲ. ಹಿಂದೆ ತನ್ನದೇ ವಿದ್ಯಾರ್ಥಿಯಿಂದ ಚೂರಿಯ ಗಾಯ ತಿಂದು, ಮನೆಯಲ್ಲಿ ಮಗಳಿಗೂ ಬೇಡವಾದ ಆ ಮನುಷ್ಯ ಸತ್ತವರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಹಾಜರಿ ಕರೆಯುವವನಂತೆ ಓದುತ್ತಾನೆ.

ಇಷ್ಟು ವರ್ಷಗಳ ಬಳಿಕ ಚಿತ್ರ ಮತ್ತೆ ನೆನಪಾದದ್ದು ಅಕ್ಕನ ಮಗನಿಂದ. ಅವನು ಒಂಬತ್ತನೆಯ ತರಗತಿ; ರಜೆಯಲ್ಲಿ ಬಂದವನು ಮೊಬೈಲಿನಲ್ಲಿ ಆಡುತ್ತಿದ್ದ ಆಟದಲ್ಲಿ ದ್ವೀಪವಿತ್ತು, ಕಿರಿದಾಗುತ್ತಾ ಬರುವ ವೃತ್ತವಿತ್ತು, ಮೂಲೆಯಲ್ಲಿ ಇನ್ನೂ ಬದುಕಿರುವವರ ಸಂಖ್ಯೆ ಇತ್ತು. 2017ರಲ್ಲಿ ಬಂದ ಪಬ್ಜಿಯನ್ನು ರೂಪಿಸಿದ ಬ್ರೆಂಡನ್ ಗ್ರೀನ್ ಅವರಿಗೆ ಸ್ಫೂರ್ತಿಯಾದದ್ದು ಇದೇ ಚಿತ್ರ. ಆ ಬಗೆಯ ಆಟಗಳನ್ನು ಕರೆಯುವುದೂ ಅದೇ ಹೆಸರಿನಿಂದ. ಹೇಳಿದೊಡನೆ ಅವನು ಚಿತ್ರ ತೋರಿಸು ಎಂದು ಹಟ ಹಿಡಿದ. ತೋರಿಸಲಿಲ್ಲ. ಬದಲಿಗೆ ರಾತ್ರಿ ಊಟವಾದ ಮೇಲೆ ದೀಪಸ್ತಂಭದ ಕಥೆಯನ್ನಷ್ಟೇ ಹೇಳಿದೆ. ಮೊಬೈಲನ್ನು ಕೆಳಗಿಟ್ಟು ಕೇಳಿಸಿಕೊಂಡ. ಬಹಳ ಹೊತ್ತಿನ ಮೇಲೆ, “ಮಾಮ, ಅಡುಗೆ ಮಾಡಿದವಳು ಏನೂ ಮಾಡಿರಲಿಲ್ಲ ಅಲ್ವಾ?” ಎಂದು ಕೇಳಿದ.

ಇಲ್ಲ, ಅವಳು ಏನೂ ಮಾಡಿರಲಿಲ್ಲ ಎಂದೆ.