ಜೂನ್ ಪುಟ ತಿರುಗಿಸಿರಲಿಲ್ಲ

ನಮ್ಮ ಅಂಗಡಿಯಲ್ಲಿ ಕೋವಿಯೂ ಸಿಗುವುದಿಲ್ಲ, ತೋಟಾವೂ ಸಿಗುವುದಿಲ್ಲ. ಕವರ್, ಪಟ್ಟಿ, ಎಣ್ಣೆ, ರಾಡ್, ಬ್ರಷ್, ಏರ್‌ಗನ್ ಹುಡುಗರಿಗೆ ಪೆಲೆಟ್ ಡಬ್ಬಿ, ಇಷ್ಟೇ. ತುಮಕೂರಿನಲ್ಲಿ ಇಂಥ ಅಂಗಡಿ ನಡೆಯುತ್ತದೆ ಎಂದರೆ ನಮ್ಮ ನೆಂಟರೇ ನಂಬುವುದಿಲ್ಲ. ಮಾಲು ತರಿಸುವುದು ನನ್ನ ಕೆಲಸ. ಉಳಿದ ಮಾಲಿಗೆ ಬೈಸಿಕೊಳ್ಳುವುದೂ ನನ್ನದೇ.

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರು ಇನ್ನು ಠಾಣೆಗೆ ಹೋಗಿ ಚುನಾವಣೆ ಮುಗಿಯುವ ತನಕ ಕೋವಿ ಠೇವಣಿ ಇಡುತ್ತಾರೆ, ಬಸ್ಸಿನಲ್ಲಿ ಒಯ್ಯಲು ಕವರ್ ಕೇಳಿಯೇ ಕೇಳುತ್ತಾರೆ ಎಂದು ಫೋಮ್ ಒಳಪದರದ ನಲವತ್ತು ಕವರ್ ತರಿಸಿದೆ. ಹತ್ತು ದಿನದಲ್ಲಿ ಮೂವತ್ತೆಂಟು ಖಾಲಿ. ಮಾಲೀಕರು ತಾವಾಗಿ ನನಗೆ ಕಾಫಿ ತರಿಸಿಕೊಟ್ಟರು.

ಆ ಕಾಫಿ ತಲೆಗೇರಿರಬೇಕು. ಮುಂದಿನ ಆರ್ಡರ್‌ಗೆ ಬಿಲ್ಲಿಂಗ್ ತಂತ್ರಾಂಶದಲ್ಲಿ ಹಿಂದಿನ ವರ್ಷದ ಏಪ್ರಿಲ್ ಮತ್ತು ಮೇ ವರದಿ ತೆಗೆದೆ. 12 ಬೋರ್ ಕೋವಿಯ ನಳಿಗೆ ಉಜ್ಜುವ ಕಂಚಿನ ಬ್ರಷ್ ಎರಡು ತಿಂಗಳಿಗೆ ಮೂರೇ ಮೂರು ಹೋಗಿತ್ತು, ಪಕ್ಕದಲ್ಲಿ ಕೆಂಪು ಗುರುತು. ಬ್ರಷ್ ಕೈಬಿಟ್ಟು, ಸೇಲ್ಸ್‌ನವನ ಮಾತಿಗೆ ಮರುಳಾಗಿ, ಆ ದುಡ್ಡಿಗೆ ಏರ್‌ಗನ್ ಸ್ಕೋಪ್ ಆರು ತರಿಸಿದೆ. 2023ರ ಮೇ 10ರಂದು ವಿಧಾನಸಭೆಗೆ ಮತದಾನವಾಗಿತ್ತು. ಆಗಲೂ ಕೋವಿಗಳು ಠಾಣೆಯಲ್ಲಿದ್ದವು. ಮನೆಯಲ್ಲಿ ಕೋವಿಯೇ ಇಲ್ಲದವನು ಬ್ರಷ್ ಏಕೆ ಕೊಳ್ಳುತ್ತಾನೆ? ತಂತ್ರಾಂಶಕ್ಕೆ ಅದು ತಿಳಿಯದು, ಸರಿ. ನಾನು ಈ ಊರಿನಲ್ಲೇ ಇದ್ದೆನಲ್ಲ.

ಜೂನ್ 4ಕ್ಕೆ ಫಲಿತಾಂಶ ಬಂತು. ಮುಂದಿನ ವಾರ ಮಧುಗಿರಿ ಕಡೆಯ ಹಿರಿಯರೊಬ್ಬರು ತಮ್ಮ ಡಿಬಿಬಿಎಲ್, ಅಂದರೆ ಜೋಡಿ ನಳಿಗೆಯ ಕೋವಿ, ಹಿಡಿದು ಬಂದರು. ಕವರಿನ ಜಿಪ್ ಎಳೆದು, ಕೋವಿ ಮಡಚಿ, ಖಾಲಿಯೆಂದು ತೋರಿಸಿ ನನ್ನ ಮುಂದೆ ಇಟ್ಟರು. ನಾನೂ ಒಮ್ಮೆ ನೋಡಿಕೊಂಡು ಬೀದಿಯ ಬೆಳಕಿಗೆ ಹಿಡಿದೆ. ಎಡ ನಳಿಗೆಯೊಳಗೆ ಉದ್ದಕ್ಕೂ ಕಂದು ಪಟ್ಟೆ. ಹೊರಗೆ, ಫೋಮ್ ಒತ್ತಿದ್ದ ಕಡೆಯಲ್ಲೆಲ್ಲ, ರಾಗಿ ಕಾಳು ಚೆಲ್ಲಿದಂತೆ ತುಕ್ಕು.

"ಕವರ್ ನಿಮ್ಮದೇ ಅಲ್ಲವೇನಪ್ಪಾ?"

"ಹೌದು, ಯಜಮಾನರೇ."

ಕವರ್ ಇರುವುದು ಒಯ್ಯಲಿಕ್ಕೆ, ತಿಂಗಳುಗಟ್ಟಲೆ ಇಡಲಿಕ್ಕಲ್ಲ. ಫೋಮ್ ತೇವ ಹಿಡಿದರೆ ಬಿಡುವುದಿಲ್ಲ, ಉಕ್ಕಿಗೇ ಅಂಟಿಸಿಕೊಂಡು ಕೂರುತ್ತದೆ. ಇದು ನನಗೆ ಗೊತ್ತಿತ್ತು. ಒಳಗೆ ಹೊರಗೆ ಎಣ್ಣೆ ಸವರಿ ಇಡಿ ಎಂದು ಮೂವತ್ತೆಂಟು ಜನರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳಿದ್ದರೆ ಜೊತೆಗೊಂದು ಎಣ್ಣೆ ಬಾಟಲಿಯೂ ಹೋಗುತ್ತಿತ್ತು, ಅದೂ ಹೊಳೆಯಲಿಲ್ಲ.

"ಬ್ರಷ್ ಕೊಡಿ" ಎಂದರು.

ಡ್ರಾಯರ್ ಎಳೆದೆ. ಏರ್‌ಗನ್ನಿನ .177 ಅಳತೆಯ ಬ್ರಷ್‌ಗಳು, ಪೆನ್ಸಿಲ್‌ಗಿಂತ ತೆಳು. ಇಲ್ಲವೆಂದು ಗೊತ್ತಿದ್ದೂ ಕೆಳಗಿನ ಡ್ರಾಯರ್ ತೆಗೆದೆ, ಆಮೇಲೆ ಮತ್ತೆ ಮೇಲಿನದ್ದು. ಅವರು ಮಾತನಾಡಲಿಲ್ಲ. ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಸ್ಕೋಪ್‌ಗಳನ್ನು ನೋಡಿ, ಅವೇನೆಂದು ಕೇಳಿದರು. ದುರ್ಬೀನು ಎಂದೆ.

"ಅದರಲ್ಲಿ ತುಕ್ಕು ಚೆನ್ನಾಗಿ ಕಾಣುತ್ತದೋ?"

ರಾಡಿನ ತುದಿಗೆ ಎಣ್ಣೆಯಲ್ಲಿ ಅದ್ದಿದ ಫ್ಲಾನಲ್ ಸುತ್ತಿಕೊಟ್ಟೆ. ಅವರೇ ನೂಕಿದರು. ಮೊದಲ ಬಟ್ಟೆ ಕೆಂಪಗೆ ಬಂತು. ಮೂರನೆಯದೂ ಕೆಂಪಗೆ ಬಂತು. ಕೋವಿ ಇಲ್ಲೇ ಬಿಟ್ಟು ಹೋಗಿ ಎನ್ನಲು ನಮ್ಮದು ಡೀಲರ್ ಲೈಸೆನ್ಸ್ ಇರುವ ಅಂಗಡಿಯಲ್ಲ. ಕಡಲೆಕಾಯಿ ಬಿತ್ತನೆಯ ಹೊತ್ತಿನಲ್ಲಿ ಆ ವಯಸ್ಸಿನವರನ್ನು ಮತ್ತೆ ಬಸ್ ಹತ್ತಿಸಿ ಕಳಿಸಿದೆ. ಬೆಂಗಳೂರಿನಿಂದ ಬ್ರಷ್ ನಾನೇ ಹೋಗಿ ತಂದೆ. ಮಾಲೀಕರು ಬಸ್ ಚಾರ್ಜ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆ ರಾತ್ರಿ 2023ರ ಜೂನ್ ವರದಿ ತೆಗೆದು ನೋಡಿದೆ: ಬ್ರಷ್ ಮೂವತ್ತೊಂದು.

ಮೂರನೆಯ ದಿನ ಹಿರಿಯರು ಬಂದು ಅರ್ಧ ಗಂಟೆ ಉಜ್ಜಿದರು. ಹೊರಗಿನ ತುಕ್ಕು ಹೋಯಿತು, ಎಡ ನಳಿಗೆಯಲ್ಲಿ ಎರಡು ಕಡೆ ಗುಳಿ ಉಳಿಯಿತು. ಬ್ರಷ್‌ಗೆ ದುಡ್ಡು ಬೇಡವೆಂದೆ. ಎಣಿಸಿ ಕೊಟ್ಟೇ ಹೋದರು. ಕೋವಿಯನ್ನು ಮನೆಯಿಂದ ತಂದಿದ್ದ ಹಳೆಯ ಗೋಣಿತಾಟಿನಲ್ಲಿ ಸುತ್ತಿಕೊಂಡು, ಕವರನ್ನು ಕೌಂಟರ್ ಮೇಲೆಯೇ ಬಿಟ್ಟರು. ಈಗ ಮಾಲೀಕರು ಅದರಲ್ಲಿ ಛತ್ರಿ ಇಡುತ್ತಾರೆ. ಸ್ಕೋಪ್ ಇನ್ನೂ ಐದು ಉಳಿದಿವೆ.