ಹುಬ್ಬಳ್ಳಿಯಿಂದ ಪುರಿ ತೇರಿಗೆ ಹೊರಡುವವರಿಗೆ

ತೇರು ನಮಗೇನೂ ಹೊಸದಲ್ಲ. ಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರು ನೋಡುತ್ತಲೇ ಬೆಳೆದವರು ನಾವು. ಸಂಜೆ ಹೋಗಿ, ಉತ್ತತ್ತಿ ಬಾಳೆಹಣ್ಣು ಒಗೆದು, ಗಿರ್ಮಿಟ್ ಮಿರ್ಚಿ ತಿಂದು, ರಾತ್ರಿ ಮನೆಗೆ ಬಂದು ಮಲಗುತ್ತೇವೆ. ಒಡಿಶಾದ ಪುರಿ ಜಗನ್ನಾಥನ ತೇರಿಗೆ ಈ ಲೆಕ್ಕ ಹಿಡಿದು ಹೋಗಬೇಡಿ. ಅದು ಹನ್ನೆರಡು ದಿನದ ಹಬ್ಬ. ಯಾವ ದಿನ ಅಲ್ಲಿರುತ್ತೀರಿ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಟಿಕೆಟ್ ಆಮೇಲೆ.

ದಿನದ ಲೆಕ್ಕ ನಮ್ಮ ಕಡೆಯವರಿಗೆ ಬಹಳ ಸುಲಭ. ಕಾರ ಹುಣ್ಣಿಮೆ ದಿನ ಅಲ್ಲಿ ದೇವರಿಗೆ 108 ಕೊಡ ನೀರಿನ ಸ್ನಾನ. ಅಷ್ಟು ನೀರು ಸುರಿದ ಮೇಲೆ ದೇವರಿಗೆ ಜ್ವರ ಬರುತ್ತದಂತೆ! ಹದಿನೈದು ದಿನ ದರ್ಶನ ಬಂದ್. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಆಷಾಢ ಶುದ್ಧ ಬಿದಿಗೆಗೆ ತೇರು. 2026ರಲ್ಲಿ ಅದು ಜುಲೈ 16. ಅಣ್ಣ ಬಲಭದ್ರ, ತಂಗಿ ಸುಭದ್ರೆ, ಜಗನ್ನಾಥ ಮೂವರೂ ಸುಮಾರು ಮೂರು ಕಿಲೋಮೀಟರ್ ದೂರದ ಗುಂಡಿಚಾ ಗುಡಿಗೆ, ಅಂದರೆ ಮಾವಶಿ ಮನೆಗೆ ಹೋಗುತ್ತಾರೆ. ದಶಮಿಗೆ ವಾಪಸ್ ತೇರು, ಅದಕ್ಕೆ ಬಾಹುಡಾ ಅನ್ನುತ್ತಾರೆ. ಮರುದಿನ ಆಷಾಢ ಏಕಾದಶಿ. ನಮ್ಮವರೆಲ್ಲ ಪಂಢರಪುರದ ಧ್ಯಾನದಲ್ಲಿರುವಾಗ ಅಲ್ಲಿ ದೊಡ್ಡ ಗುಡಿಯ ಮುಂದೆ, ತೇರಿನ ಮೇಲೇ ದೇವರಿಗೆ ಬಂಗಾರದ ಅಲಂಕಾರ.

ರೈಲಿನ ವಿಷಯ. ವಾಸ್ಕೋದಿಂದ ಕೋಲ್ಕತ್ತಾ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ಎರಡೂ ಕಡೆ ಸಿಗುತ್ತದೆ. ದಿನಾ ಇಲ್ಲ, ವಾರ ನೋಡಿಕೊಳ್ಳಿ. ಖುರ್ದಾ ರೋಡ್ ಜಂಕ್ಷನ್‌ನಲ್ಲಿ ಇಳಿದರೆ ಪುರಿಗೆ 44 ಕಿಲೋಮೀಟರ್, ಗಾಡಿ ಬೇಕಾದಷ್ಟಿವೆ. ಪ್ರಯಾಣ ಒಂದು ದಿನಕ್ಕಿಂತ ಜಾಸ್ತಿ. ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ, ಆ ಬೆಳಿಗ್ಗೆಯೇ ಕೂತು ಮಾಡಿಬಿಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿಯೇ ಇರಲಿ. ಆಂಧ್ರ ದಾಟಿದ ಮೇಲೆ ಮೂರು ಹೊತ್ತೂ ಅನ್ನ.

ಪುರಿಯಲ್ಲಿ ತೇರಿನ ಹೊತ್ತಿಗೆ ಲಾಡ್ಜ್ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಭುವನೇಶ್ವರದಲ್ಲಿ ಉಳಿದು ರೈಲಿನಲ್ಲಿ ಓಡಾಡುವುದು ವಾಸಿ, 60 ಕಿಲೋಮೀಟರ್ ಅಷ್ಟೇ. ತೇರು ಸಾಗುವ ಬೀದಿಗೆ ಬಡದಾಂಡ ಎನ್ನುತ್ತಾರೆ. ಅಲ್ಲಿನ ಮಾಳಿಗೆಗಳ ಮೇಲೆ ಕೂರುವ ಜಾಗ ದುಡ್ಡಿಗೆ ಸಿಗುತ್ತದೆ. ವಯಸ್ಸಾದವರಿದ್ದರೆ ತಗೊಳ್ಳಿ, ಜಿಪುಣತನ ಬೇಡ. ಆದರೆ ದುಡ್ಡು ಕೊಡುವ ಮೊದಲು ಮಾಳಿಗೆ ಹತ್ತಿ ನೋಡಿ: ನೆರಳಿದೆಯಾ, ಸಂಡಾಸ್ ಇದೆಯಾ, ಕಂಬದ ಮರೆಯಿಲ್ಲದೆ ಬೀದಿ ಕಾಣುತ್ತದಾ? ನಮಗೆ ಜಾಗ ತೋರಿಸಿದವನು ನೆರಳಿನ ಮಾತನ್ನೇ ಎತ್ತಲಿಲ್ಲ. ಕೇಳಿದ ಮೇಲೆ ತಾಡಪತ್ರಿ ಕಟ್ಟಿಸಿದ.

ತೇರಿನ ದಿನ ಬೆಳಿಗ್ಗೆಯೇ ಜಾಗ ಹಿಡಿಯಿರಿ. ಎಳೆಯುವುದು ಮಧ್ಯಾಹ್ನದ ಮೇಲೇ, ಆದರೆ ನನ್ನ ಮಟ್ಟಿಗೆ ನೋಡುವಂಥದ್ದು ಅದಕ್ಕೂ ಮೊದಲಿನದು. ಅದರ ಹೆಸರು ಪಹಂಡಿ. ದೇವರನ್ನು ಪಲ್ಲಕ್ಕಿಯಲ್ಲಿ ತರುವುದಿಲ್ಲ. ದೈತಾಪತಿ ಸೇವಕರು ಆ ದೊಡ್ಡ ಮರದ ಮೂರ್ತಿಯನ್ನು ತಬ್ಬಿ ಹಿಡಿದು, ಹಿಂದೆ ಮುಂದೆ ತೂಗಾಡಿಸುತ್ತ ಹೆಜ್ಜೆ ಹೆಜ್ಜೆಗೆ ನಡೆಸಿಕೊಂಡು ಬರುತ್ತಾರೆ. ತಲೆ ಮೇಲೆ ತಾಹಿಯಾ ಎಂಬ ಹೂವಿನ ದೊಡ್ಡ ಕಿರೀಟ. ದೇವರು ಬಾಗಿದಾಗೆಲ್ಲ ಅದೂ ಬಾಗುತ್ತದೆ, ಹೂ ಉದುರುತ್ತವೆ, ಕೆಳಗಿದ್ದವರು ಮುಗಿಬೀಳುತ್ತಾರೆ. ಕಂಚಿನ ಜಾಗಟೆ ಒಂದೇ ಸಮ ಬಡಿಯುತ್ತಿರುತ್ತವೆ. ಹೆಂಗಸರು ನಾಲಿಗೆ ಹೊರಳಿಸಿ ಹುಳುಹುಳಿ ಹಾಕುತ್ತಾರೆ. ಪಕ್ಕದಲ್ಲಿದ್ದ ಒಡಿಯಾ ಅಜ್ಜಿ ನಮ್ಮ ಅವ್ವನಿಗೂ ಅದನ್ನು ಕಲಿಸಲು ನೋಡಿದರು, ಅವ್ವನಿಗೆ ನಗು ತಡೆಯಲಿಲ್ಲ.

ಆಮೇಲೆ ಪುರಿಯ ರಾಜ, ಅಂದರೆ ಗಜಪತಿ ಮಹಾರಾಜರು ಬಂದು ಮೂರೂ ತೇರಿನ ಮೇಲೆ ಬಂಗಾರದ ಹಿಡಿಯ ಕಸಬರಿಗೆಯಿಂದ ಗುಡಿಸುತ್ತಾರೆ. ಅದು ಮುಗಿದ ಮೇಲೆ ಮರದ ಕುದುರೆ ಕಟ್ಟಿ, ಹಗ್ಗ ಬಿಡುತ್ತಾರೆ. ಮೊದಲು ಬಲಭದ್ರನ ತಾಳಧ್ವಜ, 14 ಗಾಲಿ. ಆಮೇಲೆ ಸುಭದ್ರೆಯ ದರ್ಪದಲನ, 12 ಗಾಲಿ. ಕೊನೆಗೆ ಜಗನ್ನಾಥನ ನಂದಿಘೋಷ, 16 ಗಾಲಿ, ಕೆಂಪು ಹಳದಿ ಬಟ್ಟೆ. ಮೂರನ್ನೂ ಪ್ರತಿ ವರ್ಷ ಹೊಸ ಕಟ್ಟಿಗೆಯಲ್ಲಿ ಮಾಡುತ್ತಾರೆ. ಕೆಲಸ ಶುರು ನಮ್ಮ ಅಕ್ಷಯ ತದಿಗೆ ದಿನವೇ. ಸೂರ್ಯ ಮುಳುಗಿದರೆ ತೇರು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ, ಉಳಿದದ್ದು ನಾಳೆ. ಹಾಗಾಗಿ ಮರುದಿನವೇ ರೈಲು ಹತ್ತುವ ಪ್ಲಾನ್ ಬೇಡ.

ಅವ್ವ ಊರಿಂದ ಉತ್ತತ್ತಿ ಕಟ್ಟಿಕೊಂಡು ಬಂದಿದ್ದಳು. "ಇಲ್ಲಿ ಯಾರೂ ಒಗಿಯೂದಿಲ್ಲೇನು?" ಅಂತ ಕೇಳಿದಳು. ಇಲ್ಲ, ಒಗೆಯಬೇಡಿ. ಹಗ್ಗ ಮುಟ್ಟಿದರೆ ಸಾಕು ಅನ್ನುತ್ತಾರೆ ಅಲ್ಲಿಯವರು. ಮುಟ್ಟಲೇಬೇಕು ಅಂತಿದ್ದರೆ ಗಟ್ಟಿಮುಟ್ಟಾದ ಒಬ್ಬರು ಮಾತ್ರ ಹೋಗಲಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನುಗ್ಗುವ ನಮ್ಮ ಜಾತ್ರೆ ಚಾಳಿ ಅಲ್ಲಿ ಅಪಾಯ. 2025ರ ಜೂನ್ 29ರ ನಸುಕಿನಲ್ಲಿ ಗುಂಡಿಚಾ ಗುಡಿಯ ಹತ್ತಿರ ಕಾಲ್ತುಳಿತವಾಗಿ ಮೂವರು ಸತ್ತರು. ಗದ್ದಲ ಒತ್ತುತ್ತಿದೆ ಅನ್ನಿಸಿದ ಕೂಡಲೇ ಪಕ್ಕದ ಓಣಿಗೆ ಸರಿದುಬಿಡಿ.

ಗದ್ದಲ ಆಗದವರಿಗೆ, ವಯಸ್ಸಾದವರಿಗೆ ನಾನು ಹೇಳುವುದು ನಡುವಿನ ದಿನಗಳನ್ನೇ. ಐದನೇ ದಿನ ಹೇರಾ ಪಂಚಮಿ. ತನ್ನನ್ನು ಬಿಟ್ಟು ಹೋದ ಗಂಡನನ್ನು ವಿಚಾರಿಸಲು ಲಕ್ಷ್ಮಿ ಪಲ್ಲಕ್ಕಿಯಲ್ಲಿ ಗುಂಡಿಚಾ ಗುಡಿಗೆ ಬಂದು, ಸಿಟ್ಟಿಗೆ ನಂದಿಘೋಷದ ಒಂದು ಚೂರು ಮುರಿದು ಹೋಗುತ್ತಾಳೆ. ಥೇಟ್ ಮನೆಮನೆಯ ಕಥೆ ಅಲ್ವಾ! ಖಾಲಿ ತೇರುಗಳು ಹೊರಗೆ ನಿಂತಿರುತ್ತವೆ, ಬಡಗಿಗಳ ಕೆಲಸ ನಿಧಾನ ನೋಡಬಹುದು. ಒಳಗೆ ದರ್ಶನವೂ ಇದೆ, ಪಾಳಿ ಹಚ್ಚಬೇಕು. ದೊಡ್ಡ ಗುಡಿಯ ಸಿಂಹಾಸನ ಆಗ ಖಾಲಿ, ಅಲ್ಲಿಗೆ ಸುಮ್ನೆ ಹೋಗಿ ಪಂಡಾಗಳ, ಅಂದರೆ ಅಲ್ಲಿಯ ಪೂಜಾರಿಗಳ ಕೈಗೆ ಸಿಗಬೇಡಿ. ಪೂಜೆ ಮಾಡಿಸುವುದಿದ್ದರೆ ದಕ್ಷಿಣೆ ಎಷ್ಟು ಅಂತ ಮೊದಲೇ ಮಾತಾಡಿ. ಹಿಂದಿ ಬಂದರೆ ಸಾಕು, ನಮ್ಮ ಹುಬ್ಬಳ್ಳಿ ಹಿಂದಿಯೂ ನಡೆಯುತ್ತದೆ.

ಊಟಕ್ಕೆ ಮಹಾಪ್ರಸಾದ ಬಿಡಬೇಡಿ. ಮಣ್ಣಿನ ಗಡಿಗೆಯಲ್ಲಿ, ಕಟ್ಟಿಗೆ ಒಲೆಯ ಮೇಲೆ ಮಾಡಿದ ಅನ್ನ, ದಾಲ್ಮಾ (ಬೇಳೆ, ಕಾಯಿಪಲ್ಲೆ ಕೂಡಿಸಿ ಬೇಯಿಸಿದ್ದು). ಉಳ್ಳಾಗಡ್ಡಿ, ಬಳ್ಳೊಳ್ಳಿ ಅಷ್ಟೇ ಅಲ್ಲ, ಬಟಾಟೆ, ಟೊಮ್ಯಾಟೊ ಕೂಡ ಹಾಕುವುದಿಲ್ಲ. ಖಾರ ಕಡಿಮೆ ಅನ್ನಿಸಿದರೆ ಬುತ್ತಿಯ ಚಟ್ನಿಯನ್ನು ಲಾಡ್ಜಿಗೆ ಬಂದು ತಿನ್ನಿ, ಪ್ರಸಾದಕ್ಕೆ ಕಲಸಬೇಡಿ. ಬೆವರು ಧಾರಾಕಾರ, ನಡುವೆ ಮಳೆ, ಮೇಲಿಂದ ಜನರ ಮೇಲೆ ನೀರು ಚಿಮ್ಮಿಸುತ್ತಾರೆ. ಮೊಬೈಲ್‌ಗೆ ಪ್ಲಾಸ್ಟಿಕ್ ಚೀಲ, ಓಆರ್‌ಎಸ್ ಪುಡಿ, ಹಳೇ ಚಪ್ಪಲಿ ಇರಲಿ. ವಾಪಸ್ ರೈಲಿಗೆ ಖುರ್ದಾ ರೋಡ್‌ಗೆ ನಾಲ್ಕೈದು ತಾಸು ಮೊದಲೇ ಹೊರಡಿ, ಪುರಿ ಸ್ಟೇಷನ್‌ನಲ್ಲಿ ಒಳಗೆ ಹೋಗುವುದಕ್ಕೇ ಪಾಳಿ ಇರುತ್ತದೆ.